ಬೀಗರ ಪಟ್ಟಿ

ಮೊದಲು ಅಂದುಕೊಂಡದ್ದು ಫಾಂಟು ಹೋಗಿದೆಯೆಂದು.
ನುಡಿ ಇಲ್ಲದ ಕಂಪ್ಯೂಟರಿನಲ್ಲಿ
ನಮ್ಮ ಅಕ್ಷರ ಕೊಂಬು ಮುರಿದುಕೊಂಡು ಬೀಳುವುದ
ಹದಿನಾರು ವರ್ಷದಿಂದ ನೋಡಿದ್ದೇನೆ,
ಫಾಂಟು ಹಾಕಿ ಎಬ್ಬಿಸಿ ಕೂರಿಸಿದ್ದೇನೆ.

ಇದು ಹಾಗಲ್ಲ.
ಒಂದೊಂದು ಮದುವೆಯ ಹೆಸರಿಗೂ
ಓದಲಾಗದ ಒಂದು ಬಾಲ.
ತೆರೆಗೆ ಅಡ್ಡವಾಗಿ ಕೆಂಪು ಚೀಟಿ:
ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ,
ಕೀಲಿಕೈಗೆ ಇಷ್ಟು ಡಾಲರು,
ಎಪ್ಪತ್ತೆರಡು ಗಂಟೆ.
ಗಡಿಯಾರ ಹಿಂದಕ್ಕೆ ಓಡುತ್ತಿತ್ತು.

ತಪ್ಪು ನನ್ನದೇ.
ಕಾರ್ಡು ಮಾಡುವ ಸಾಫ್ಟ್‌ವೇರಿನ ಕದ್ದ ಪ್ರತಿ
ಪೆನ್‌ಡ್ರೈವಿನಲ್ಲಿ ತಂದವಳು ನಾನು,
ಬೇಡ ಬೇಡವೆಂದು ಕೂಗಿದ ಆಂಟಿವೈರಸ್ಸಿನ
ಬಾಯಿ ಮುಚ್ಚಿಸಿದವಳೂ ನಾನೇ.

ಪ್ಲಗ್ಗು ಕಿತ್ತೆ.
ಬಿ.ಎಂ. ರಸ್ತೆಯ ಅಂಗಡಿಯ ಮುದಸ್ಸಿರ್
ದನದ ಡಾಕ್ಟರಂತೆ ಸಿಪಿಯು ತಟ್ಟಿ ನೋಡಿದ:
"ಕಾಸು ಕಟ್ಟಬೇಡಿ ಅಕ್ಕಾ,
ಕಟ್ಟಿದರೆ ಕೀಲಿ ಸಿಗುತ್ತದೆಂದು ಯಾರೂ ಬರೆದುಕೊಟ್ಟಿಲ್ಲ.
ಡಿಸ್ಕು ಎತ್ತಿಡುತ್ತೇನೆ, ಮುಂದೆ ಯಾರಾದರೂ
ಇದರ ಬೀಗ ಒಡೆದಾರು. ಬ್ಯಾಕಪ್ ಇದೆಯಾ?"

ಇದೆ. ಊರೆಲ್ಲ ಹಂಚಿಹೋಗಿದೆ,
ಮೂಲೆಗೆ ಅರಿಶಿನ ಹಚ್ಚಿ, ಮನೆಗೆ ಐನೂರರಂತೆ.

ದೊಡ್ಡ ಮಗನ ಕಾರ್ಡನ್ನೇ ತೆಗೆದು
ಹೆಸರೊಂದು ಬದಲಿಸಿದರೆ ಚಿಕ್ಕವನ ಮದುವೆ,
ನಮ್ಮ ಕಸುಬು ಇಷ್ಟೇ. ಯಾವ ಸೋದರಮಾವ ಮೊದಲು,
ಯಾವ ಚಿಕ್ಕಪ್ಪನ ಬಿಟ್ಟರೆ
ಬೀಗರೂಟದಲ್ಲಿ ಎಲೆ ಬಿಟ್ಟು ಏಳುತ್ತಾರೆ,
ಎಲ್ಲ ಆ ಫೈಲುಗಳಲ್ಲಿತ್ತು.
ಈಗ ಬೀಗರಿಗೆಲ್ಲ ಬೀಗ.

ಸ್ಕೂಟರ್ ಹತ್ತಿದೆ.
ಸಾಲಗಾಮೆ ರಸ್ತೆಯಲ್ಲಿ ಒಂದು, ಕನ್ನಡಿಯ ಹಿಂದೆ.
ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಒಂದರ ಬೆನ್ನ ತುಂಬ
ಸೊಪ್ಪಿನ ಲೆಕ್ಕ.
ಶಾಂತಿಗ್ರಾಮದಲ್ಲಿ ಮಂಚದ ಕಾಲಿಗೆ ಒತ್ತು ಕೊಟ್ಟಿದ್ದರು,
ನಾಲ್ಕು ಮಡಿಕೆ ಬಿಡಿಸಿದರೆ
ನನ್ನದೇ ಗಣಪತಿ, ಸೊಂಡಿಲು ಸವೆದಿತ್ತು.

ದುದ್ದದ ಪುಟ್ಟನಂಜಮ್ಮ ಪೆಟ್ಟಿಗೆಯಿಂದ ತೆಗೆದರು,
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದು, ಅರಿಶಿನವೂ ಹಾಗೇ.
ಕೊಡಲು ಬಂದ ಕೈ ಹಿಂದಕ್ಕೆ ಹೋಯಿತು.
"ಇದುನ್ನ ಟೈಪ್ ಮಾಡ್ಬೇಡ ಕಣವ್ವ.
ಆಷಾಢಕ್ಕೆ ಬಂದೋಳು
ಯುಗಾದಿ ಕಳುದ್ರೂ ಇಲ್ಲೇ ಅವ್ಳೆ."
ಒಳಗೆ ಯಾರೋ ಹೊಲಿಗೆ ಯಂತ್ರ ತುಳಿಯುತ್ತಿದ್ದರು,
ನಿಲ್ಲಿಸಿದರು,
ಮತ್ತೆ ತುಳಿದರು.

ಬುಧವಾರ ಮಧ್ಯಾಹ್ನ ಗಡುವು ಮುಗಿದಿರಬೇಕು.
ಮುದಸ್ಸಿರ್ ಕೊಟ್ಟ ಹಳೆಯ ಯಂತ್ರದಲ್ಲಿ
ನಾನಾಗ ಚಿ. ರಾ. ಎಂದು ಹೊಡೆದು,
ಹಿಂಬದಿಯ ಸೊಪ್ಪಿನ ಲೆಕ್ಕದ ಶಾಯಿ
ಮುಂದಕ್ಕೆ ಇಳಿದಿದ್ದ ಕಡೆ
ಸೋದರಮಾವ ಯಾರೆಂದು
ಫೋನು ಮಾಡಿ ಕೇಳುತ್ತಿದ್ದೆ.