ಷರಾ

ಕಡ್ಡಿ ದಪ್ಪದ ಕೊಳವೆಯಲ್ಲಿ ಒಂದು ಇಲಿಯ ರಕ್ತ, ಆರು ಹನಿ.
ಸಿಟ್ರೇಟು ಬೆರೆಸಿ ಮಂಜುಗಡ್ಡೆಯ ಮೇಲಿಟ್ಟು
ಹೆಸರಿಲ್ಲದ್ದಕ್ಕೆ ನಂಬರು ಬರೆದೆ.

ನಾನು ಅಳೆಯುವುದು ಹೆಪ್ಪು ಕರಗಿಸುವ ಪ್ರೋಟೀನನ್ನು.
ಗಂಟುಬಿದ್ದ ರಕ್ತದ ಎಳೆ ಬಿಚ್ಚುವ ಕೈ ಅದು,
ಸಿಕ್ಕುಗೂದಲಿಗೆ ಕೂತ ಅಜ್ಜಿಯ ಕೈಯ ಹಾಗೆ, ಎಳೆಯದೆ.
ಅದೆಷ್ಟಿದೆ ಎಂದು ತಿಳಿದರೆ
ಮಿದುಳಿಗೆ ಏನು ಕಾದಿದೆಯೆಂದು ಮೊದಲೇ ಹೇಳಬಹುದು,
ಇದು ನಮ್ಮ ಅನುದಾನದ ಅರ್ಜಿಯ ಮೊದಲ ಸಾಲು.

ತೊಂಬತ್ತಾರು ಗುಳಿಯ ತಟ್ಟೆ.
ನೀಲಿ ಏರಿ, ಆಮ್ಲ ಬಿದ್ದು, ಹಳದಿಗೆ ನಿಂತಿತು.
ಔಷಧ ಕೊಟ್ಟವು, ಕೊಡದವು, ಎಲ್ಲಕ್ಕೂ
ಒಂದೇ ಗಾಢ ಅರಿಸಿನ.
ಆಗಸ್ಟಿನ ಎರಡು ವಾರ ಪೂರ್ತಿ ಹೀಗೆ.
ಡಾಕ್ಟರ್ ಖಾಸನೀಸ್ ಕನ್ನಡಕ ಒರೆಸಿದರು,
ಕಿಟ್ ಹಳತು, ಅಂದರು.
ಹೊಸದು ಬಂತು. ಅದೂ ಅರಿಸಿನ ಹಚ್ಚಿಕೊಂಡಿತು.

ಇಲಿಮನೆಯ ಕಲಶೆಟ್ಟಿ ಮಾಮಾ ಅಕ್ಕಲಕೋಟೆಯ ಕಡೆಯವರು.
ಪಂಜರದ ಹೊಟ್ಟು ಬದಲಿಸುತ್ತ ನನ್ನ ಹಾಳೆಗೆ ಬಗ್ಗಿ
ಅಂಕಿ ಬಿಟ್ಟು ತಾರೀಖು ಓದಿದರು.
"ಇವೆಲ್ಲ ಢೋಲಿನ ದಿನಾ ಅದಾವಲ್ರೀ ಬಾಯಾರ?"

ಮುಠಾ ದಂಡೆಯಲ್ಲಿ, ಸೇತುವೆಯ ಮಗ್ಗುಲಿಗೆ,
ಗಣಪತಿ ಕೂರುವ ಮುಂಚೆ ಸಂಜೆ ಏಳಕ್ಕೆ ತಾಲೀಮು:
ನಲವತ್ತು ಢೋಲು, ಹನ್ನೆರಡು ತಾಶಾ.
ನಾನು ರಕ್ತ ತೆಗೆಯುತ್ತಿದ್ದುದು ಎಂಟಕ್ಕೆ.
ಕೇಳಿಸಿರಲಿಲ್ಲ ನನಗೆ. ಪುಣೆಗೆ ಬಂದು ಆರು ವರ್ಷ,
ಕಿವಿಯ ಚರ್ಮ ದಪ್ಪಗಾಗಿದೆ.
ಅವು ಮಾತ್ರ ಹತ್ತಿಯೊಳಗೆ ಒಂದರ ಹೊಟ್ಟೆಯಡಿ ಒಂದು ತೂರಿ
ಹೆದರಿಕೆಯನ್ನು ರಕ್ತಕ್ಕೆ ಹೇಳಿದವು,
ರಕ್ತ ನನಗೆ ಹೇಳಿತು, ನ್ಯಾನೊಗ್ರಾಂ ಲೆಕ್ಕದಲ್ಲಿ.
ಲಿಪಿ ಬಂದೂ ಓದಲಾಗಲಿಲ್ಲ.

ಎರಡು ವಾರ ತೆಗೆದುಹಾಕಿ, ಎಂದರು ಖಾಸನೀಸ್.
ಹಾಕಿದೆ. ಅರವತ್ತು ಇಲಿ.
ಪ್ರತಿ ನಂಬರಿನೆದುರು, ಷರಾ ಕಾಲಮ್ಮಿನಲ್ಲಿ
ಢೋಲು, ಢೋಲು, ಢೋಲು ಎಂದು ಬರೆದೆ,
ಇಂಗ್ಲಿಷ್ ಪುಸ್ತಕದಲ್ಲಿ ಕನ್ನಡ ಅಕ್ಷರ.

ಮಾಮಾ ಕಿಟಕಿಗೆ ಮನೆಯ ಹಳೇ ಗೋದಡಿ ಬಿಗಿದರು.
ಮೂರನೇ ಮೂಲೆಯ ಹೊತ್ತಿಗೆ ಏಳು ಬಡಿಯಿತು.
ಸುತ್ತಿಗೆ ಗಾಳಿಯಲ್ಲೇ ನಿಂತಿತು.
"ಸಣ್ಣಗ ಒಂದು ತಾಶಾ ಮ್ಯಾಲಿಂದ ಮ್ಯಾಲೆ ಬರ್ತದ ನೋಡ್ರಿ,
ಅದು ನಮ್ಮ ವೈಜೂಂದು"
ಅಂದರು, ತಪ್ಪೊಪ್ಪಿಕೊಂಡವರ ದನಿಯಲ್ಲಿ.

ನಾಲ್ಕನೇ ಮೂಲೆಗೆ ಮೊಳೆ ಹೊಡೆಯಲೇ ಇಲ್ಲ.
ನಾನೂ ನೆನಪಿಸಲಿಲ್ಲ.