ಖಾಲಿ ಚೌಕ

ಚೌಬಾರಾದ ಹಿಂದಿನ ಗಲ್ಲಿಯೊಳಗ
ಖಮರ್ ಭಾಯಿಯ ಸೈಬರ್ ಕೆಫೆ. ಐದು ಕಂಪ್ಯೂಟರು,
ನಡೀತಿದ್ದವು ಮೂರು.
ತಾಸಿಗಿ ಇಪ್ಪತ್ತು ರೂಪಾಯಿ. ಹತ್ತು ನನ್ನವು, ಹತ್ತು ವೈಜಿನಾಥನವು.
ಅವನ ಕೈಯಾಗ ಕೀಬೋರ್ಡು. ನನ್ನ ತೊಡಿ ಮ್ಯಾಲ
ಗಣಿತದ ಗ್ರಾಫ್ ಪುಸ್ತಕ, ಮೋಟು ಪೆನ್ಸಿಲ್ಲು.

ಆ ಆಟದಾಗ ನಾಯಕ ಅಂದ್ರ
ಹದಿನಾರು ಚುಕ್ಕಿಯ ಮನಷ್ಯಾ. ಮುಖ ಇಲ್ಲ.
ತಲಿ ಮ್ಯಾಲಿದ್ದದ್ದು ಹೆಲ್ಮೆಟ್ಟೋ ಕೂದಲೋ
ಕಡೀತನಕ ಗೊತ್ತಾಗಲಿಲ್ಲ.
ಹೆಸರಿಗಿ ಎಂಟೇ ಅಕ್ಷರದ ಜಾಗ.
ವೈಜಿನಾಥ ತನ್ನ ಕಾಕಾನ ಹೆಸರಿಟ್ಟ: ಘಾಳೆಪ್ಪ,
ಇಂಗ್ಲಿಷಿನಾಗ ಸರಿಯಾಗಿ ಎಂಟು.

ಊರಿನ ಮಂದಿಗಿ ಟೈಪ್ ಮಾಡಿ ಕೇಳಬೇಕಿತ್ತು.
ಹೆಸರೇನಂದ್ರ ಹೇಳತಿದ್ದರು, ಕೆಲಸೇನಂದ್ರ ಹೇಳತಿದ್ದರು.
ಊಟಾತೇನು ಅಂತ ಒಮ್ಮಿ ಒತ್ತಿದ ವೈಜಿನಾಥ.
ನನಗದು ತಿಳಿಯದು, ಅಂದ ಕಮ್ಮಾರ.
ಎಂಥಾ ಊರಲೇ ಇದು!

ನೆಲಮಾಳಿಗ್ಯಾಗ ಘಾಳೆಪ್ಪ ಒಂದು ಹೆಜ್ಜಿ ಇಟ್ರ
ನಾ ಒಂದು ಚೌಕ ತುಂಬತಿದ್ದೆ.
ಗ್ವಾಡಿಗಿ ದಪ್ಪ ಗೆರಿ, ಬಾಗಲಿಗಿ ಅಡ್ಡ ಗೀಟು,
ಸತ್ತ ಜಾಗಕ್ಕ ಸೊನ್ನಿ.
ಸೊನ್ನಿ ಭಾಳ ಇದ್ದವು.

ಮುದುಕನೊಬ್ಬ ಒಂದೇ ಸಾಲು ಹೇಳಿದ್ದ:
ಪೂರ್ವಕ್ಕ ನಡಿ, ಫೋರ್ಡ್ ದಾಟು.
ನಾವು ಬೀದರಿನವರು. ಫೋರ್ಟ್ ಅಂದ್ರ ಗೊತ್ತಿಲ್ಲೇನು?
ಅಕ್ಷರ ತಪ್ಪಿ ಬಿದ್ದದ, ಅಂದ ವೈಜಿನಾಥ.
ಮೂರು ಶನಿವಾರ ಕೋಟಿ ಹುಡುಕಿದಿವಿ,
ಅರವತ್ತು ರೂಪಾಯಿ. ಬುರುಜಿಲ್ಲ, ಖಂದಕ ಇಲ್ಲ,
ಅಡ್ಡ ಮಲಗಿದ್ದು ನೀಲಿ ಚುಕ್ಕಿಯ ಒಂದು ಹೊಳಿ.
ನಾಕನೇ ಶನಿವಾರ ಶಾಲಿಯ ಡಿಕ್ಷನರಿ
ಅಂಗಿಯೊಳಗ ಮುಚ್ಚಿಕೊಂಡು ತಂದೆ.
ಅಯ್ಯ, ಕಡವು! ಅಂದ ಅವ,
ನಮ್ಮೂರಾಗ ಮಾಂಜ್ರಾಕ್ಕ ಎಮ್ಮಿ ಹಾಯಿಸೋ ಜಾಗ ಇಲ್ಲೇನು, ಹಂಗ.
ಘಾಳೆಪ್ಪ ನೀಲಿಯೊಳಗ ಕಾಲಿಟ್ಟ.
ಮುಳುಗಲಿಲ್ಲ.
ಖಮರ್ ಭಾಯಿ ಗಲ್ಲಾ ಬಿಟ್ಟು ಎದ್ದು ಬಂದು ನೋಡಿದ.

ಈಗ ನೌಬಾದಿನ ಮನ್ಯಾಗ ಅಕ್ಕನ ಮಗಳು ಪ್ರಾಂಜಲಿ
ಹೊಸದೊಂದು ಹಚ್ಚ್ಯಾಳ.
ಮಳಿ ಬಂದ್ರ ಕುದುರಿ ಮೈಯ ಕೂದಲು ತೊಯ್ತಾವ,
ಮೀನು ಮಾರೋ ಹೆಂಗಸಿಗಿ ಕೆಮ್ಮು ಸೈತ ಅದ.
ಹತ್ತು ನಿಮಿಷ ನಾನೂ ಆಡಿದೆ.
ಹಳದಿ ಬಾಣ ತಿರುಗಂದ ಕಡಿ ತಿರುಗಿದೆ.
ಕಾಡಿತ್ತಂತ, ಪಾಳು ಗುಮ್ಮಟ ಇತ್ತಂತ, ಏನೇನೋ ಇತ್ತಂತ,
ನನಗ ಕಂಡದ್ದು ಬಾಣ.
ನಮ್ಮ ಕಾಲದಾಗ, ಅಂತ ಬಾಯಿ ತೆರೆದೆ.

ಆಕಿ ಕೇಳಿಸ್ಕೊಳ್ಳಲಿಲ್ಲ. ಬ್ಯಾರೇ ಏನೋ ಹೇಳಕತ್ತಳು:
ಗಾಯ ಆದ ಸಿಪಾಯಿಯೊಬ್ಬ ನೀರು ಕೇಳಿದ್ನಂತ,
ಆಮ್ಯಾಲ ತರ್ತೀನಿ ಅಂದು ಹೋಗಿ ಮರೆತಳಂತ.
ಎಷ್ಟೋ ದಿನಕ್ಕ ಅದೇ ಹಾದೀಲಿ ಬಂದ್ರ
ಕಲ್ಲಿನ ಗುಂಪಿ. ಅದರ ಮ್ಯಾಲ ಬೋರಲು ಇಟ್ಟ ತಂಬಿಗಿ.
ಅಲ್ಲಿಗಿ ಯಾವ ಬಾಣನೂ ಇದ್ದಿಲ್ಲ ಮಾಮಾ, ಅಂದಳು.
ದನಿ ಜರಾ ನಡುಗಿತ್ತು.

ನಮ್ಮಲ್ಲಿ ಸತ್ತವರು
ಎರಡು ಸಲ ಮಿಣುಕಿ ಮಾಯ ಆಗತಿದ್ದರು.
ನಾಣ್ಯ ಉಳೀತಿದ್ದವು. ನಾವು ಎಣಸತಿದ್ದಿವಿ.
ತೆರೆದ ಬಾಯಿ ಮುಚ್ಚಿದೆ.

ರಾತ್ರಿ ಅಟ್ಟದ ಮ್ಯಾಲಿಂದ ಗ್ರಾಫ್ ಪುಸ್ತಕ ತಗದೆ.
ಜಿರಳಿ ತಿಂದ ಅಂಚು, ಚಹಾದ ಕಲಿ,
ಏಳನೇ ಮಾಳಿಗಿ. ನಟ್ಟನಡುವ ಒಂದು ಚೌಕ ಖಾಲಿ.
ಅವತ್ತ ಕರೆಂಟ್ ಹೋಗಿತ್ತು. ಸೇವ್ ಮಾಡಿದ್ದಿಲ್ಲ.
ಮರುವಾರ ಹೋದ್ರ ಭಾಯಿ ಮಷಿನ್ನ ಫಾರ್ಮ್ಯಾಟ್ ಮಾಡಿಸಿದ್ದ.
ಖರೇ ಘಾಳೆಪ್ಪ ಕಾಕಾ ತೀರಿ ಒಂಬತ್ತು ವರ್ಷ ಆತು.
ಇವ ಮಾತ್ರ ಆ ಚೌಕದ ಹೊಸ್ತಿಲದಾಗ
ಇನ್ನೂ ನಿಂತಾನ.

ಇದರಾಗ ಏನಿತ್ತು ಮಾಮಾ?
ಗೊತ್ತಿಲ್ಲ.
ಅರ್ಧ ನಿಮಿಷ ತಡಿ, ಅಂತ ಪ್ರಾಂಜಲಿ ಫೋನ್ ತಗದಳು,
ಆಟದ ಹೆಸರು ಕೇಳಿದಳು.

ನನಗ ಚಲೋ ನೆನಪದ.
ಮರೆತೀನಿ ಅಂದೆ.