ಹತ್ತನೆಯ ಕುರ್ಚಿ

ಸ್ಕೌಟ್ ಹುಡುಗರ ಹಾಲ್. ಶುಕ್ರವಾರ ಸಂಜೆಗಷ್ಟೇ ನಮ್ಮದು.
ಗೋಡೆಯ ಮೇಲೆ ಹಗ್ಗಕ್ಕೆ ಗಂಟು ಹಾಕುವ ಬಗೆಗಳ ಚಿತ್ರಪಟ,
ಕೆಳಗೊಂದು ಬೀರು, ಬೀರುವಿನಲ್ಲಿ ತೋರಾ.
ಬೀಗದ ಕೈ ನನ್ನ ಹತ್ತಿರ. ಹೀಟರ್ ಹಚ್ಚುವವಳೂ ನಾನೇ,
ಇರುವುದು ಒಂಬತ್ತು ಮಂದಿಯಾದರೂ
ಹತ್ತು ಕುರ್ಚಿ ಬಿಡಿಸಿಡುವವಳೂ.

ಹತ್ತು ಜನ ಆಗಲೇಬೇಕೆಂದಿಲ್ಲ ರೆನಾಟೆ,
ಎನ್ನುತ್ತಾರೆ ರಬ್ಬಿ, ವೆಲಿಂಗ್ಟನ್ನಿನಿಂದ ಫೋನಿನಲ್ಲಿ.
ಒಳ್ಳೆಯ ಹೆಂಗಸು. ಇದ್ದಷ್ಟು ಮಂದಿ ಶುರುಮಾಡಿ.
ಆಗಲಿ ಅನ್ನುತ್ತೇನೆ. ಆಮೇಲೆ ಏಳು ನಿಮಿಷ
ಬಾಗಿಲು ನೋಡುತ್ತ ಕೂರುತ್ತೇನೆ.
ಬೈಯುವವರಿಲ್ಲದ ಮತದಲ್ಲಿ ಭಕ್ತಿಯೆಂದರೆ
ಇಷ್ಟೇ ಇರಬೇಕು: ಯಾರೂ ಹೇಳದೆ ಕಾಯುವುದು,
ಕಾದದ್ದಕ್ಕೆ ತುಸು ನಾಚುವುದು.

ನಮ್ಮ ಪುಸ್ತಕ ಭೂಮಿಯ ಆ ಬದಿಯದು.
ಅದರಲ್ಲಿ ಚಿಗುರಿನ ಹಬ್ಬ ಬಂದಾಗ
ಇಲ್ಲಿ ಇನ್ವರ್‌ಕಾರ್ಗಿಲ್ಲಿನಲ್ಲಿ ಎಲೆ ಉದುರುತ್ತಿರುತ್ತದೆ.
ಮಳೆ ಕೊಡು ದೇವರೇ ಎಂಬ ಪುಟ ತೆರೆದರೆ
ತಗಡಿನ ಸೂರಿನ ಮೇಲೆ ಆಲಿಕಲ್ಲು;
ಒಬ್ಬರ ಮುಖ ಒಬ್ಬರು ನೋಡದೆ
ಬೇಗ ಬೇಗ ಓದಿ ಮುಗಿಸುತ್ತೇವೆ.
ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ.
ಆರಕ್ಕೇ ಸಬ್ಬತ್ ದೀಪ ಹಚ್ಚಬಹುದು, ಮಕ್ಕಳಿಗೆ ಹಸಿವು, ಒಪ್ಪಿಗೆಯಿದೆ.
ಹಚ್ಚುತ್ತೇನೆ. ಬಿಸಿಲಲ್ಲಿ ಉರಿ ಕಾಣುವುದೇ ಇಲ್ಲ,
ಬೆರಳು ಚಾಚಿ ನೋಡಬೇಕು, ಇದೆಯೋ ಎಂದು.

ಅಣ್ಣ ಜೆಫ್ರಿ, ಈಗ ಗೆದಲ್ಯ, ಮೆಲ್ಬರ್ನಿನಿಂದ ಬಂದಿದ್ದ
ತನ್ನದೇ ತಟ್ಟೆ, ತನ್ನದೇ ಚಮಚ, ತನ್ನದೇ ಕೆಟಲ್ ಹೊತ್ತು.
ನಿನ್ನದು ನೀರು ಬೆರೆಸಿದ ಸಾರು, ಅಂದ,
ಬೇಕಾದ ಹೋಳು ಆರಿಸಿಕೊಳ್ಳುತ್ತೀ.
ಹೌದು, ಆರಿಸುತ್ತೇನೆ, ಪ್ರತಿ ವಾರ, ಕೈ ಸುಟ್ಟುಕೊಂಡು.
ಹಾಗೆನ್ನಬೇಕಿತ್ತು. ಹೊಳೆದದ್ದು ಅವನು ಹೋದ ಮೇಲೆ.
ಶನಿವಾರ ಬೆಳಿಗ್ಗೆ ಆಸ್ಪತ್ರೆಯಿಂದ ಮುದುಕಿ ಡೋರಿಟ್‌ಳನ್ನು ಕರೆತರಲು
ಕಾರಿನ ಕೀ ತೆಗೆದುಕೊಂಡೆ. ಅವನು ಕಿಟಕಿಗೆ ಮುಖ ಮಾಡಿ ನಿಂತಿದ್ದ.
ಸಬ್ಬತ್ ಮುರಿಯುವ ತಂಗಿಗೆ ಅವನು ಹೇಳಿದ್ದು ಒಂದೇ ಮಾತು:
ರಸ್ತೆ ಜಾರುತ್ತೆ, ನಿಧಾನ.

ಮುರ್ಡೋ ನಮ್ಮವನಲ್ಲ. ಯಾರವನೂ ಅಲ್ಲ.
ಚರ್ಚು, ದೇವರು, ಎರಡೂ ಕುದುರೆ ಜೂಜಿಗಿಂತ ಮೋಸ ಅನ್ನುತ್ತಿದ್ದ.
ಮಾರ್ಚಿನಲ್ಲಿ ಬ್ಲಫ್ ಬಂದರಿನ ಸಿಂಪಿ ಬರುತ್ತಿತ್ತು.
ಸಿಂಪಿ ತಿನ್ನದ ನೇಮ ನನ್ನದು; ಅದೂ ಕಡ್ಡಾಯವಲ್ಲ.
ಅವನು ಹಿತ್ತಲ ಮೆಟ್ಟಿಲ ಮೇಲೆ ನಿಂತು,
ಗಾಳಿಗೆ ಬೆನ್ನು ಕೊಟ್ಟು, ಡಜನ್ ಸಿಂಪಿ ಬಿಚ್ಚಿ ತಿಂದು
ತೋಟದ ನಲ್ಲಿಯಲ್ಲಿ ಕೈ ತೊಳೆದು ಒಳಗೆ ಬರುತ್ತಿದ್ದ.
ಮೂವತ್ತೊಂದು ವರ್ಷ. ನಾನು ಒಮ್ಮೆಯೂ ಕೇಳಿರಲಿಲ್ಲ.
ಶುಕ್ರವಾರ ನನ್ನನ್ನು ಇಲ್ಲಿಗೆ ತಂದು ಬಿಟ್ಟು
ಹೊರಗೆ ಟ್ರಕ್ಕಿನಲ್ಲೇ ಜೂಜಿನ ಪುಟ ಓದುತ್ತ ಕೂರುತ್ತಿದ್ದ.

ಸತ್ತವರಿಗಾಗಿ ನಾವು ಹೇಳುವ ಪ್ರಾರ್ಥನೆಯಲ್ಲಿ
ಸಾವಿನ ಮಾತೇ ಇಲ್ಲ, ಬರೀ ಹೊಗಳಿಕೆ.
ಅವನಿಗಾಗಿ ಹೇಳಬೇಕಿಲ್ಲ ಎಂದ ಅಣ್ಣ.
ಹೇಳಬಹುದು ಎಂದರು ರಬ್ಬಿ.
ಹನ್ನೊಂದು ತಿಂಗಳು ಹೇಳಿದೆ. ಅದು ಮುಗಿದು
ಎರಡು ಚಳಿಗಾಲವಾಯಿತು.

ಹೊರಗೆ ಯಾವುದೋ ಗಾಡಿ ನಿಂತು, ತಿರುಗಿ, ಹೋಗುತ್ತದೆ.
ಏಳು ನಿಮಿಷ. ಡೋರಿಟ್ ಕೆಮ್ಮುತ್ತಾಳೆ.
ಶುರುಮಾಡುತ್ತೇವೆ.